ಸ್ಪೀಡ್ ಗಾಡಿ ಮಾರೋದು ಹೇಗೆ: ನನ್ನ ಆರ್‌ಎಸ್ 230 ಕೊಟ್ಟ ಕಥೆಯ ಜೊತೆಗೆ

ಆಗಸ್ಟ್‌ನಲ್ಲಿ ಜಾಹೀರಾತು ಹಾಕಿದೆ, ನವೆಂಬರ್‌ನಲ್ಲಿ ಗಾಡಿ ಹೋಯಿತು. ಅದೇ ಹೊತ್ತಿಗೆ ಪಕ್ಕದ ಮನೆಯವರು ತಮ್ಮ ಸ್ವಿಫ್ಟ್ ಮಾರಿದರು. ಶನಿವಾರ ಫೋಟೊ ಹಾಕಿದರು, ಮಂಗಳವಾರ ದುಡ್ಡು ಅಕೌಂಟಿಗೆ ಬಿತ್ತು. ನನ್ನ ಗಾಡಿ ನೋಡಿ "ಇನ್ನೂ ಇದೆಯಾ ಇದು?" ಅಂತ ದಿನಾ ಕೇಳುತ್ತಿದ್ದರು.

ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, 2018ರ ಗಾಡಿ. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ (ಹಾರ್ಸ್‌ಪವರ್ ಲೆಕ್ಕ), 6 ಸ್ಪೀಡ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2020ರಲ್ಲಿ ಸೆಕೆಂಡ್ ಓನರ್ ಆಗಿ 22 ಲಕ್ಷಕ್ಕೆ ತಗೊಂಡಿದ್ದೆ. ಐದು ವರ್ಷ ಓಡಿಸಿ, ಮೀಟರ್‌ನಲ್ಲಿ 71 ಸಾವಿರ ಕಿಲೋಮೀಟರ್ ಇದ್ದಾಗ 17.25 ಲಕ್ಷಕ್ಕೆ ಕೊಟ್ಟೆ. ಕೆಟ್ಟ ಲೆಕ್ಕ ಏನಲ್ಲ. ಆದರೆ ಮೊದಲ ವಾರದಲ್ಲೇ ಸುಸ್ತಾಗಿ ಯಾರಿಗೋ ಕೊಟ್ಟಿದ್ದರೆ ಮೂರು ನಾಲ್ಕು ಲಕ್ಷ ಸುಮ್ನೆ ಹೋಗುತ್ತಿತ್ತು. ಹಾಗಾಗಿ ಇಂಥ ಗಾಡಿ ಇಟ್ಟುಕೊಂಡು ಮಾರಬೇಕು ಅಂತಿರುವವರಿಗೆ ನಾನು ಕಲಿತಿದ್ದನ್ನೆಲ್ಲ ಬರೆದುಬಿಡುತ್ತೇನೆ. ಉದಾಹರಣೆ ಬೆಂಗಳೂರಿನದು, ಆದರೆ ಹೆಚ್ಚಿನ ಮಾತು ಎಲ್ಲ ಕಡೆಗೂ ಹೊಂದುತ್ತದೆ.

ಮೊದಲು ಬೆಲೆ. ಮಾಮೂಲಿ ಗಾಡಿಗೆ ಮಾರ್ಕೆಟ್ ರೇಟ್ ಅಂತ ಒಂದಿರುತ್ತದೆ. ಇಂಥ ಗಾಡಿಗೆ ಅದು ಇರುವುದಿಲ್ಲ, ಯಾಕೆಂದರೆ ಮಾರ್ಕೆಟ್ಟೇ ಇಲ್ಲ. ಆರ್‌ಎಸ್ 230 ಇಡೀ ಭಾರತಕ್ಕೆ ಬಂದಿದ್ದೇ ಸುಮಾರು 500. ಅದರಲ್ಲಿ ಎಷ್ಟೋ ಆಕ್ಸಿಡೆಂಟ್ ಆಗಿವೆ, ಎಷ್ಟೋ ಗಾಡಿಗಳ ಇಂಜಿನ್ ಬಿಚ್ಚಿ ಪವರ್ ಏರಿಸಿದ್ದಾರೆ. ಉಳಿದವುಗಳಲ್ಲಿ ಒಂದು ಸಲಕ್ಕೆ ಮಾರಾಟಕ್ಕಿರುವುದು ಬೆರಳೆಣಿಕೆಯಷ್ಟು. ಕೊಳ್ಳುವವರೂ ಅಷ್ಟೇ ಕಮ್ಮಿ. ಆ ಕೆಲವರಲ್ಲಿ ಒಬ್ಬ ನಿಮ್ಮ ಗಾಡಿ ನೋಡುವ ತನಕ ಅದಕ್ಕೆ ಬೆಲೆ ಬರುವುದಿಲ್ಲ.

ಮನೆಗೇ ಬಂದು ಗಾಡಿ ನೋಡಿ ಸ್ಥಳದಲ್ಲೇ ರೇಟ್ ಹೇಳುವ ಒಂದು ಕಂಪನಿಗೆ ನಾನೂ ತೋರಿಸಿದೆ. ಆನ್‌ಲೈನ್‌ನಲ್ಲಿ 14 ಲಕ್ಷ ತೋರಿಸಿದರು. ಹುಡುಗ ಬಂದು ಒಂದು ಗಂಟೆ ಫೋಟೊ ಹೊಡೆದ ಮೇಲೆ ಅದು 12.8 ಆಯಿತು. ಅವನ ಫೋನ್‌ನ ಪಟ್ಟಿಯಲ್ಲಿ ಆರ್‌ಎಸ್ ಅನ್ನುವ ಮಾಡೆಲ್ಲೇ ಇರಲಿಲ್ಲ, ಬರೀ ಆಕ್ಟೇವಿಯಾ ಪೆಟ್ರೋಲ್ ಆಟೊಮ್ಯಾಟಿಕ್ ಅಂತ ಒತ್ತಿದ. ಅವನ ತಪ್ಪಲ್ಲ ಬಿಡಿ. ಅವರ ಲೆಕ್ಕ ಸಾವಿರಾರು ಗಾಡಿಗೆ ಮಾಡಿದ್ದು, ನಮ್ಮದು ಐನೂರರಲ್ಲಿ ಒಂದು. ಅರ್ಜೆಂಟ್ ದುಡ್ಡು ಬೇಕಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಇನ್ನು ಇನ್ಶೂರೆನ್ಸ್ ಪಾಲಿಸಿಯಲ್ಲಿ ಬರೆದಿರುವ ಐಡಿವಿ ತೋರಿಸಿ "ಸರ್, ಇಲ್ಲಿ ಇಷ್ಟೇ ಇದೆಯಲ್ಲ" ಅನ್ನುವವರು ಬಂದೇ ಬರುತ್ತಾರೆ. ಅದು ಇನ್ಶೂರೆನ್ಸ್‌ನವರು ವರ್ಷದ ಲೆಕ್ಕ ಹಾಕಿ ಇಳಿಸಿದ ಅಂಕಿ, ಮಾರುವ ಬೆಲೆ ಅಲ್ಲ ಅಂತ ನಗುತ್ತಾ ಹೇಳಿ ಮುಗಿಸಿ.

ಹಳೆಯ ಸ್ಪೀಡ್ ಗಾಡಿಯ ಬೆಲೆಯನ್ನು ನಿಜವಾಗಿ ಎಳೆಯುವುದು ಅದರ ಹೊಸ ತಮ್ಮನ ಬೆಲೆ. 2017ರಲ್ಲಿ ಆರ್‌ಎಸ್ 230 ಬಂದಾಗ ಎಕ್ಸ್‌ಶೋರೂಮ್ 24.62 ಲಕ್ಷ. 2020ರಲ್ಲಿ ಆರ್‌ಎಸ್ 245 ಬಂತು, ಬರೀ 200 ಗಾಡಿ, 35.99 ಲಕ್ಷ. ಒಂದೇ ದಿನದಲ್ಲಿ ಹಳೆಯ 230 ಅಗ್ಗ ಅನ್ನಿಸತೊಡಗಿತು. ಉಲ್ಟಾ ಉದಾಹರಣೆ ಬೇಕಾ? ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ. 2016ರಲ್ಲಿ 25.99 ಲಕ್ಷಕ್ಕೆ ತಂದರು, ಮೂರು ಬಾಗಿಲಿನ ಪುಟ್ಟ ಗಾಡಿಗೆ ಅಷ್ಟು ಕೊಡುವವರು ಸಿಗದೆ ಆಮೇಲೆ 19.99ಕ್ಕೆ ಇಳಿಸಿದರು. ಮೊದಲು ತಗೊಂಡವರು ಕೂತಲ್ಲೇ 6 ಲಕ್ಷ ಕಳೆದುಕೊಂಡರು.

ನನ್ನ ಮೂರು ತಿಂಗಳಲ್ಲಿ ಈ ಎರಡೂ ಆಟ ನೋಡಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ದೊಡ್ಡ ಗಾಡಿಗಳಿಗೆ ಮೊದಲು ಸೆಸ್ ಸೇರಿ 50% ತನಕ ಇದ್ದ ತೆರಿಗೆ ಒಟ್ಟು 40%ಗೆ ಇಳಿಯಿತು. ಸುದ್ದಿ ಬಂದ ದಿನದಿಂದ ನನ್ನ ಫೋನ್ ಮೌನ. ಹೊಸ ಗಾಡಿಯೇ ಲಕ್ಷಗಟ್ಟಲೆ ಇಳಿಯುತ್ತಿರುವಾಗ ಹಳೆಯದಕ್ಕೆ ಯಾರು ಅವಸರ ಮಾಡುತ್ತಾರೆ? ನಾನು 19ರಿಂದ 18.25ಕ್ಕೆ ಇಳಿಸಿದೆ, ಆದರೂ ಯಾರೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ಹೊಸ ಆಕ್ಟೇವಿಯಾ ಆರ್‌ಎಸ್ ಬಂತು, ವಿದೇಶದಿಂದ ತರಿಸಿದ 100 ಗಾಡಿ, 49.99 ಲಕ್ಷ. ಅಷ್ಟೂ ಬುಕ್ ಆಗಿಹೋಯಿತು. ಸಿಗದವರು, ಅಷ್ಟು ದುಡ್ಡು ಇಲ್ಲದವರು ಹಳೆಯದನ್ನು ಹುಡುಕತೊಡಗಿದರು. ಒಂದು ವಾರದಲ್ಲಿ ಒಂಬತ್ತು ಕರೆ. ಗಾಡಿ ಅದೇ, ಫೋಟೊನೂ ಅದೇ. ಹಾಗಾಗಿ ಮಾರುವ ಮುಂಚೆ ನಿಮ್ಮ ಗಾಡಿಯ ಹೊಸ ಮಾಡೆಲ್ ಯಾವಾಗ ಬರುತ್ತದೆ, ಎಷ್ಟಕ್ಕೆ ಬರುತ್ತದೆ ಅಂತ ಒಂದು ಕಣ್ಣಿಡಿ.

ಕಮ್ಮಿ ಸಂಖ್ಯೆಯ ಗಾಡಿ ಅಂದ ಮಾತ್ರಕ್ಕೆ ಎಲ್ಲವೂ ಬೆಲೆ ಉಳಿಸಿಕೊಳ್ಳುತ್ತವೆ ಅಂತಲ್ಲ. 145 ಪಿಎಸ್‌ನ ಅಬಾರ್ಥ್ ಪುಂಟೊ ಓಡಿಸಿದವರಿಗೆ ಗೊತ್ತು ಅದರ ಮಜಾ. ಆದರೆ ಫಿಯೆಟ್ ಇಲ್ಲಿಂದ ಹೋದ ಮೇಲೆ ಕೊಳ್ಳುವವನ ಮೊದಲ ಪ್ರಶ್ನೆ ಪಾರ್ಟ್ ಸಿಗುತ್ತಾ ಅಂತ. ದೊಡ್ಡ ಜರ್ಮನ್ ಡೀಸೆಲ್ ಸೆಡಾನ್‌ಗಳ ಕಥೆ ಇನ್ನೂ ಬೇರೆ. ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಿಸುವ ಹಾಗಿಲ್ಲ ಅನ್ನುವ ನಿಯಮ 2025ರಲ್ಲಿ ಸಡಿಲವಾಗುವ ತನಕ ಅದರ ಭಯಕ್ಕೆ ಅಲ್ಲಿಯವರು ಏಳೆಂಟು ವರ್ಷಕ್ಕೇ ಅಗ್ಗಕ್ಕೆ ಬಿಡುತ್ತಿದ್ದರು, ಬ್ರೋಕರ್‌ಗಳು ಅದನ್ನು ದಕ್ಷಿಣಕ್ಕೆ ತರುತ್ತಿದ್ದರು. ಅಂಥ ಗಾಡಿ ನಿಮ್ಮದಾಗಿದ್ದರೆ ಆ ರೇಟಿನ ಜೊತೆ ನಿಮಗೆ ಪೈಪೋಟಿ. ಮೊದಲಿಂದಲೂ ಕೆಎ ನಂಬರ್, ಇಲ್ಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದೆ ಅನ್ನುವುದನ್ನು ಜಾಹೀರಾತಿನ ಮೊದಲ ಸಾಲಿನಲ್ಲೇ ಹಾಕಿ. ನಮ್ಮಲ್ಲಿ ಆ ಟ್ಯಾಕ್ಸ್ ಎಷ್ಟು ಭಾರ ಅಂತ ಕೊಳ್ಳುವವರಿಗೆ ಚೆನ್ನಾಗಿ ಗೊತ್ತು. 2025ರಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದಕ್ಕೆ ಆರ್‌ಟಿಒದವರು ಸುಮಾರು 1.4 ಕೋಟಿ ತೆರಿಗೆ ಕಟ್ಟಿಸಿದ್ದು ನೆನಪಿದೆಯಲ್ವಾ? ಅದಾದ ಮೇಲೆ ಹೊರರಾಜ್ಯದ ನಂಬರ್ ಅಂದರೆ ಜನ ಎರಡು ಸಲ ಯೋಚಿಸುತ್ತಾರೆ.

ಈಗ ಗಾಡಿ ರೆಡಿ ಮಾಡುವ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ದುಡ್ಡು ಬರುವುದೂ ಹೋಗುವುದೂ ಇಲ್ಲೇ.

ಸ್ಪೀಡ್ ಗಾಡಿ ಕೊಳ್ಳಲು ಬರುವವನಿಗೆ ಒಂದೇ ಒಂದು ಭಯ. ಇದನ್ನು ಇವನು ಹೇಗೆ ಓಡಿಸಿದ್ದಾನೋ? ಸ್ವಿಫ್ಟ್ ಕೊಳ್ಳುವವನಿಗೆ ಈ ಭಯ ಇರುವುದಿಲ್ಲ. ನೀವು ಬಾಯಲ್ಲಿ ಎಷ್ಟು ಹೇಳಿದರೂ ಅದು ಹೋಗುವುದಿಲ್ಲ. "ನಾನು ನಿಧಾನಕ್ಕೇ ಓಡಿಸೋದು ಸರ್" ಅಂದರೆ 230 ಪಿಎಸ್ ಗಾಡಿ ಇಟ್ಟುಕೊಂಡು ಯಾರಿಗೆ ಕಥೆ ಹೇಳುತ್ತೀಯ ಅನ್ನುವ ಮುಖ ಮಾಡುತ್ತಾನೆ. ಅವನ ಭಯ ಇಳಿಸುವುದು ಕಾಗದ. ನನ್ನ ಹತ್ತಿರ ಒಂದು ನೀಲಿ ಫೈಲ್ ಇತ್ತು. ಹಿಂದಿನ ಓನರ್ ಕೊಟ್ಟ ಬಿಲ್‌ಗಳಿಂದ ಹಿಡಿದು ವೈಪರ್ ಬದಲಾಯಿಸಿದ ಚೀಟಿ ತನಕ ಎಲ್ಲ ಅದರಲ್ಲಿತ್ತು. ಹೆಂಡತಿ ಅದನ್ನು ನೋಡಿ "ನಮ್ಮ ಮದುವೆ ಆಲ್ಬಮ್ ಇಷ್ಟು ಚೆನ್ನಾಗಿ ಇಟ್ಟಿಲ್ಲ" ಅಂದಿದ್ದಳು. ಕೊನೆಗೆ ಗಾಡಿ ತಗೊಂಡವರು ಮೊದಲು ಇಪ್ಪತ್ತು ನಿಮಿಷ ನೋಡಿದ್ದು ಆ ಫೈಲನ್ನೇ. ಬಾನೆಟ್ ತೆಗೆದಿದ್ದು ಆಮೇಲೆ.

ಫೈಲ್‌ನಲ್ಲಿ ಏನಿರಬೇಕು ಅಂದರೆ, ನಿಮ್ಮ ಗಾಡಿಗೆ ಯಾವ ಕಾಯಿಲೆ ಹೆಸರುವಾಸಿಯೋ ಅದಕ್ಕೆ ಉತ್ತರ ಇರಬೇಕು. ನನ್ನ ಗಾಡಿಯ ಡಿಎಸ್‌ಜಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನದು, 60 ಸಾವಿರ ಕಿಲೋಮೀಟರ್‌ಗೆ ಆ ಎಣ್ಣೆ ಬದಲಾಯಿಸಬೇಕು. ಆ ಬಿಲ್ ಇತ್ತು. ಈ ಇಂಜಿನ್‌ನಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಹತ್ತಿರ ಕೂಲೆಂಟ್ ಸೋರುವುದು ಗೊತ್ತಿರುವ ತೊಂದರೆ. ನಂದೂ ಸೋರಿತ್ತು, ಬದಲಾಯಿಸಿದ ಬಿಲ್ ಇತ್ತು. ಪೋಲೊ ಜಿಟಿ ಟಿಎಸ್‌ಐ ಹಳೆಯ 1.2 ಲೀಟರ್‌ನದಾದರೆ ಅದರಲ್ಲಿರುವುದು 7 ಸ್ಪೀಡ್ ಒಣ ಕ್ಲಚ್ ಡಿಎಸ್‌ಜಿ. ಕೊಳ್ಳುವವನು ಮೆಕಾಟ್ರಾನಿಕ್ (ಆ ಗೇರ್‌ಬಾಕ್ಸ್ ನಡೆಸುವ ಕಂಟ್ರೋಲ್ ಯೂನಿಟ್) ಹೋಗಿದೆಯಾ ಅಂತ ಕೇಳದೇ ಇರುವುದಿಲ್ಲ. ಬದಲಾಯಿಸಿದ್ದರೆ ಮುಚ್ಚಿಡಬೇಡಿ, ಅದೇ ನಿಮ್ಮ ಪ್ಲಸ್ ಪಾಯಿಂಟ್. ಕೆಟ್ಟು ರಿಪೇರಿ ಆದ ಗಾಡಿ ಕೆಡಲು ಕಾಯುತ್ತಿರುವ ಗಾಡಿಗಿಂತ ಎಷ್ಟೋ ವಾಸಿ.

ಮಾಡಿಫಿಕೇಷನ್ ಇದ್ದರೆ ಏನು ಮಾಡಬೇಕು? ನಾನು 2021ರಲ್ಲಿ ಸ್ಟೇಜ್ 1 ರೀಮ್ಯಾಪ್ (ಪವರ್ ಏರಿಸಲು ಇಂಜಿನ್‌ನ ಸಾಫ್ಟ್‌ವೇರ್ ಬದಲಾಯಿಸುವುದು) ಹಾಕಿಸಿದ್ದೆ, ಇಂಜಿನ್‌ಗೆ ಗಾಳಿ ಹೋಗುವ ಇಂಟೇಕ್ ಬದಲಾಯಿಸಿದ್ದೆ, ಸಸ್ಪೆನ್ಷನ್ ಸ್ಪ್ರಿಂಗ್ ಇಳಿಸಿದ್ದೆ. ಒಟ್ಟು ಖರ್ಚು ಎರಡು ಲಕ್ಷದ ಹತ್ತಿರ. ಮಾರುವಾಗ ಅದರಲ್ಲಿ ಒಂದು ರೂಪಾಯಿನೂ ಗಾಡಿಯ ಬೆಲೆಗೆ ಸೇರುವುದಿಲ್ಲ, ಇದನ್ನು ಈಗಲೇ ಮನಸ್ಸಿಗೆ ತಂದುಕೊಳ್ಳಿ. ಹಾಗೇ ಮಾರಲು ಹೋದರೆ ಕಮ್ಮಿಯೇ ಆಗುತ್ತದೆ. ಕಂಪನಿ ಮಾಡಿದ್ದನ್ನು ಬದಲಾಯಿಸುವ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಬೇರೆ ಹೇಳುತ್ತದೆ. ನಾನು ಎಲ್ಲ ಬಿಚ್ಚಿಸಿ ಸ್ಟಾಕ್‌ಗೆ, ಅಂದರೆ ಕಂಪನಿಯಿಂದ ಬಂದ ಹಾಗೆ, ತಂದೆ. ಬಿಚ್ಚಿದ ಸ್ಪ್ರಿಂಗ್, ಇಂಟೇಕ್ ಬೇರೆ ಮಾರಿದೆ, ಸುಮಾರು 45 ಸಾವಿರ ಬಂತು. ಹಳೆಯ ಒರಿಜಿನಲ್ ಪಾರ್ಟ್‌ಗಳನ್ನು ಅಟ್ಟದ ಮೇಲೆ ಇಟ್ಟಿದ್ದು ಬಚಾವ್. ನೀವೂ ಬಿಸಾಡಬೇಡಿ.

ಆದರೆ ರೀಮ್ಯಾಪ್ ತೆಗೆದೆ ಅಂತ ಅದರ ಸುದ್ದಿ ಮುಚ್ಚಿಡಬೇಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಗಾಡಿಗಳನ್ನು ಕಂಪನಿ ಸರ್ವಿಸ್ ಸೆಂಟರ್‌ನ ಕಂಪ್ಯೂಟರ್‌ಗೆ ಹಾಕಿದಾಗ ಸಾಫ್ಟ್‌ವೇರ್ ಮುಟ್ಟಿದ್ದಾರೆ ಅಂತ ಟಿಡಿ1 ಅನ್ನುವ ಗುರುತು ಬೀಳಬಹುದು. ಈಗಿನ ಹುಡುಗರು ಸ್ಕ್ಯಾನರ್ ಜೇಬಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅವರಾಗಿ ಕಂಡುಹಿಡಿದರೆ ಅಲ್ಲಿಗೆ ಮಾತು ಮುಗಿಯಿತು, ನೀವು ಹೇಳಿದ ಉಳಿದ ಹತ್ತು ನಿಜವೂ ಸುಳ್ಳಾಗುತ್ತದೆ. ನಾನೇ ಫೋನಿನಲ್ಲೇ ಹೇಳುತ್ತಿದ್ದೆ: ಮೂರು ವರ್ಷ ರೀಮ್ಯಾಪ್ ಇತ್ತು, ಈಗ ಇಲ್ಲ, ಮಾಡಿಸಿದ ಬಿಲ್ ತೆಗೆಸಿದ ಬಿಲ್ ಎರಡೂ ಇದೆ. ಇಬ್ಬರು ಅಷ್ಟಕ್ಕೇ ಬೇಡ ಅಂದರು. ಪರವಾಗಿಲ್ಲ, ಅವರ ಟೈಮೂ ನನ್ನ ಟೈಮೂ ಉಳಿಯಿತು.

ಇನ್ನೆರಡು ಸಣ್ಣ ಖರ್ಚು ಮಾಡಿ. ಒಂದು, ಫುಲ್ ಸ್ಕ್ಯಾನ್ ರಿಪೋರ್ಟ್ ನೀವೇ ತೆಗೆಸಿ ಫೈಲ್‌ಗೆ ಹಾಕಿ. ಎರಡು, ಚೆನ್ನಾಗಿ ಇಂಟೀರಿಯರ್ ಕ್ಲೀನಿಂಗ್. ಟೈರ್ ಸವೆದಿದ್ದರೆ ಹೊಸದು ಹಾಕಿಸುವ ಗೋಜಿಗೆ ಹೋಗಬೇಡಿ, ಬೆಲೆಯಲ್ಲಿ ಬಿಡಿ. ಅಗ್ಗದ ಟೈರ್ ಹಾಕಿಸಿದರಂತೂ ಕೊಳ್ಳುವವನಿಗೆ ಅದೇ ಅನುಮಾನ: ಟೈರಲ್ಲೇ ಕಂಜೂಸ್ ಮಾಡಿದವನು ಇಂಜಿನ್ ಆಯಿಲ್‌ನಲ್ಲಿ ಏನು ಮಾಡಿರಬೇಡ? ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ ಯಾವ ವರ್ಷದ ಯಾವ ವಾರದ್ದು ಅಂತ ಅವರು ಓದಿಯೇ ಓದುತ್ತಾರೆ.

ಚಲನ್‌ಗಳನ್ನೆಲ್ಲ ಕಟ್ಟಿಬಿಡಿ, ಅದೂ ಜಾಹೀರಾತು ಹಾಕುವ ಮುಂಚೆ. ಗಾಡಿ ನಂಬರ್ ಸಿಕ್ಕಿದರೆ ಸಾಕು, ಎಲ್ಲರೂ ಅದನ್ನೇ ಮೊದಲು ನೋಡುತ್ತಾರೆ. ಸಿಗ್ನಲ್ ಜಂಪ್ ಇದ್ದರೆ ನಗುತ್ತಾರೆ. ಓವರ್‌ಸ್ಪೀಡ್ ಏಳು ಇದ್ದರೆ ನಿಮ್ಮ ನೀಲಿ ಫೈಲ್ ಹೇಳಿದ್ದೆಲ್ಲ ನೀರಿಗೆ ಹೋಯಿತು. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕಿಸಿ. ಅದಿಲ್ಲದೆ ಆರ್‌ಟಿಒದಲ್ಲಿ ಟ್ರಾನ್ಸ್‌ಫರ್ ಹೊತ್ತಿಗೆ ಕಿರಿಕಿರಿ.

ಜಾಹೀರಾತಿನಲ್ಲಿ ಸಂಜೆ ಬಿಸಿಲಲ್ಲಿ ಹೊಳೆಯುವ ಫೋಟೊ ಎರಡು ಸಾಕು. ಉಳಿದವು ಬೋರಿಂಗ್ ಫೋಟೊಗಳಾಗಿರಲಿ: ಅಲಾಯ್ ಮೇಲಿನ ಗೀರು, ಡ್ರೈವರ್ ಸೀಟಿನ ಬದಿ, ತಳ ಹಂಪ್‌ಗೆ ಉಜ್ಜಿದ ಜಾಗ, ಬ್ರೇಕ್ ಡಿಸ್ಕ್, ಓಡೊಮೀಟರ್. ಮುಂದಿನ ಬಂಪರ್ ರೀಪೇಂಟ್ ಆಗಿದೆ ಅಂತ ನಾನು ಬರೆದೇ ಇದ್ದೆ, ಪೇಂಟ್ ಮೀಟರ್ ತಂದವನಿಗೆ ಕೆಲಸವೇ ಇರಲಿಲ್ಲ. ವಾಟ್ಸಾಪ್‌ನಲ್ಲಿ ಆರ್‌ಸಿಯ ಪೂರ್ತಿ ಫೋಟೊ, ಚಾಸಿ ನಂಬರ್ ಕಳಿಸಬೇಡಿ. ಬಂದವರಿಗೆ ಕೈಯಲ್ಲಿ ತೋರಿಸಿದರೆ ಆಯಿತು.

ಕರೆಗಳು ಹೇಗಿರುತ್ತವೆ ಅಂತ ಹೇಳಲೇಬೇಕಾ? "ಲಾಸ್ಟ್ ಎಷ್ಟು ಬ್ರೋ?" ಇದು ಹಲೋ ಬದಲು. ನೋಡದೆ ಲಾಸ್ಟ್ ಕೇಳುವವರಿಗೆ ಜಾಹೀರಾತಿನ ಬೆಲೆಯೇ ಲಾಸ್ಟ್ ಅನ್ನಿ. ಎಕ್ಸ್‌ಚೇಂಜ್‌ಗೆ ಥಾರ್ ಕೊಡುತ್ತೇನೆ ಅನ್ನುವವರು, "ಮೈಲೇಜ್ ಎಷ್ಟು ಕೊಡತ್ತೆ?" ಅನ್ನುವವರು (ಈ ಪ್ರಶ್ನೆ ಕೇಳಿದವರು ಈ ಗಾಡಿ ತಗೊಳ್ಳುವುದಿಲ್ಲ, ಬರೆದಿಟ್ಟುಕೊಳ್ಳಿ). ಒಬ್ಬ ತಾನು ಮಿಲಿಟರಿಯವನು, ಗಾಡಿ ನೋಡುವುದೇ ಬೇಡ, ಈಗಲೇ ಅಡ್ವಾನ್ಸ್ ಹಾಕುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ದುಡ್ಡು ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮದೇ. ನಿಜವಾಗಿ ಕೊಳ್ಳುವವನ ಗುರುತು ಬೇರೆ: ಯಾವ ಪೆಟ್ರೋಲ್ ಹಾಕುತ್ತಿದ್ದಿರಿ, ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಏನಾದರೂ ತೊಂದರೆ ಕಂಡಿತಾ, ಗೇರ್‌ಬಾಕ್ಸ್ ಆಯಿಲ್ ಯಾವಾಗ ಆಯಿತು, ಸ್ಪೇರ್ ಕೀ ಇದೆಯಾ. ಇವನಿಗೆ ಕಾಫಿ ಕೊಡಿಸಿ.

ಟೆಸ್ಟ್ ಡ್ರೈವ್. ನನ್ನ ಗಟ್ಟಿ ಅಭಿಪ್ರಾಯ, ಮೊದಲು ನೀವೇ ಓಡಿಸಿ, ಅವನು ಪಕ್ಕದಲ್ಲಿ ಕೂರಲಿ. ಇಂಜಿನ್ ಆಯಿಲ್ ಬಿಸಿಯಾಗಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ತಾಳ್ಮೆಯಿಂದ ಓಡಿಸಿದರೆ ನೀವು ಎಂಥ ಓನರ್ ಅಂತ ಅವನಿಗೇ ಗೊತ್ತಾಗುತ್ತದೆ. ಆಮೇಲೆ ಡ್ರೈವಿಂಗ್ ಲೈಸೆನ್ಸ್ ನೋಡಿ, ಫೋಟೊ ತೆಗೆದುಕೊಂಡು ಸ್ಟೀರಿಂಗ್ ಕೊಡಿ. ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಒಮ್ಮೆಲೇ ಪೂರ್ತಿ ವೇಗ ಎತ್ತುವುದು) ಇಲ್ಲ, ಇನ್‌ಸ್ಟಾಗ್ರಾಮ್ ವಿಡಿಯೊ ಇಲ್ಲ, ಸ್ನೇಹಿತರು ಹಿಂದೆ ಮೂರು ಜನ ಇಲ್ಲ. ಮುಖ್ಯವಾಗಿ, ಮೈಸೂರು ಹೈವೇಗೆ ಹೋಗಿ "ಒಂದ್ಸಲ ಚೆಕ್ ಮಾಡೋಣ ಅಣ್ಣಾ" ಅನ್ನುವವನಿಗೆ ಒಪ್ಪಬೇಡಿ. ಅಲ್ಲಿ ಮಿತಿ 100, ಮೇಲೆಲ್ಲ ಕ್ಯಾಮೆರಾ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ 130 ದಾಟಿದರೆ ಎಫ್‌ಐಆರ್. ಇಂಥ ಗಾಡಿ 130 ಮುಟ್ಟುವುದು ಅವನಿಗೆ ಗೊತ್ತೇ ಆಗುವುದಿಲ್ಲ. ನೋಟಿಸ್ ಬರುವುದು ಮಾತ್ರ ನಿಮ್ಮ ಮನೆಗೆ.

ಇನ್‌ಸ್ಪೆಕ್ಷನ್‌ಗೆ ಬೇಡ ಅನ್ನಬೇಡಿ. ಕೊಳ್ಳುವವನು ಹೇಳಿದ ಗ್ಯಾರೇಜಿಗೇ ಹೋಗಿ, ಖರ್ಚು ಅವನದು. ಒಂದೇ ಷರತ್ತು: ಮುಂಚೆ ಸಣ್ಣ ಟೋಕನ್ ಅಡ್ವಾನ್ಸ್, ಯಾವ ದೋಷ ಸಿಕ್ಕಿದರೆ ಅದು ವಾಪಸ್ ಅನ್ನುವುದು ಮೆಸೇಜಿನಲ್ಲಿ ಬರೆದಿರಲಿ.

ನನ್ನ ಗಾಡಿ ತಗೊಂಡವರು ಹುಬ್ಬಳ್ಳಿಯವರು. ರಾತ್ರಿ ಬಸ್ ಹತ್ತಿ ಬಂದಿದ್ದರು. ಎಲ್ಲ ನೋಡಿ ಮುಗಿದ ಮೇಲೆ "ಗಾಡಿ ಛಲೋ ಐತ್ರಿ, ಹದಿನೇಳಕ್ಕ ಕೊಡ್ರಿ" ಅಂದರು. ನಾನು ಹದಿನೇಳೂವರೆ ಅಂದೆ. ಅರ್ಧ ಲಕ್ಷದ ಮೇಲೆ ಅರ್ಧ ಗಂಟೆ ಚೌಕಾಸಿ, ಆಮೇಲೆ 17.25. ಐದು ಲಕ್ಷ ಕ್ಯಾಶ್ ಕೊಡಲಾ ಅಂತ ಕೇಳಿದರು. ಬೇಡ ಅಂದೆ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆದರೆ ಆದಾಯ ತೆರಿಗೆಯವರು ಪಡೆದವನಿಗೇ ಅಷ್ಟೇ ಮೊತ್ತದ ದಂಡ ಹಾಕಬಹುದು. ಆರ್‌ಟಿಜಿಎಸ್ ಮಾಡಿಸಿ, ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ದುಡ್ಡು ಕಂಡ ಮೇಲೆ ಕೀ ಕೊಡಿ. ಅಂದ ಹಾಗೆ ಮನೆಯ ಉಪಯೋಗದ ಗಾಡಿ ಮಾರಿದ್ದಕ್ಕೆ ನಿಮಗೆ ಜಿಎಸ್‌ಟಿ ಇಲ್ಲ. 18% ಇರುವುದು ನೋಂದಣಿ ಮಾಡಿಸಿದ ಡೀಲರ್‌ಗೆ, ಅದೂ ಅವರ ಲಾಭದ ಮೇಲೆ.

ಕಾಗದಪತ್ರದಲ್ಲಿ ಸೋಮಾರಿತನ ಬೇಡ. ಲೋನ್ ಇದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಹಾಕಿ ಆರ್‌ಸಿಯಿಂದ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ನಮೂದು, ತೆಗೆಸಿ. ಮಾರುವಾಗ ಹೆಸರು ಬದಲಾಯಿಸಲು ಫಾರ್ಮ್ 29, 30. ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28 ಹಾಕಿ ಎನ್‌ಒಸಿ. ಖಾಲಿ ಫಾರ್ಮ್‌ಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆತುಬಿಡುವವರು ನಮ್ಮಲ್ಲಿ ತುಂಬಾ ಜನ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಆಕ್ಸಿಡೆಂಟ್ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ನೀವು ಮಾರಿ ಎಷ್ಟು ದಿನ ಆಗಿದ್ದರೂ. 230 ಪಿಎಸ್ ಗಾಡಿ ಯಾರದೋ ಕೈಯಲ್ಲಿ, ಹೆಸರು ನಿಮ್ಮದು. ಯೋಚಿಸಿ. ಅಧಿಕೃತ ಡೀಲರ್‌ಗೆ ಕೊಡುವುದಾದರೆ ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ಫಾರ್ಮ್ 29ಸಿ ಹಾಕಿಸಿ, ಆಮೇಲಿನ ಜವಾಬ್ದಾರಿ ಅವರದು. ಖಾಸಗಿಯವರಿಗಾದರೆ ದಿನಾಂಕ, ಗಂಟೆ, ಓಡೊಮೀಟರ್ ಅಂಕಿ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ. ಗಂಟೆ ಮರೆಯಬೇಡಿ, ಅದೇ ದಿನ ಸಂಜೆ ಬಿದ್ದ ಚಲನ್ ಯಾರದು ಅನ್ನುವುದಕ್ಕೆ ಅದು ಬೇಕು.

ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. 50% ತನಕ ಇರುತ್ತದೆ. ಕಂಪನಿಯಿಂದ ಪತ್ರ ತಗೊಂಡರೆ 3 ವರ್ಷದೊಳಗೆ ಮುಂದಿನ ಗಾಡಿಗೆ ಬಳಸಬಹುದು. ಹೊಸ ಓನರ್ 14 ದಿನದಲ್ಲಿ ಪಾಲಿಸಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇದನ್ನು ನೀವೇ ನೆನಪಿಸಿ.

ಇಷ್ಟೆಲ್ಲ ಹುಷಾರಾಗಿ ಮಾಡಿದ ನಾನು ಒಂದು ಮರೆತಿದ್ದೆ. ಗಾಡಿ ಹೊರಟ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಟಿಂಗ್ ಅಂತು. ಹಿರಿಯೂರು ಹತ್ತಿರದ ಗುಯಿಲಾಳು ಟೋಲ್, ನನ್ನ ಅಕೌಂಟಿನಿಂದ ದುಡ್ಡು ಕಟ್. ಫಾಸ್ಟ್‌ಟ್ಯಾಗ್ ಗ್ಲಾಸ್ ಮೇಲೇ ಇತ್ತು. ಫೋನ್ ಮಾಡಿ ಹೇಳಿದೆ, ಅವರು ನಗುತ್ತಾ "ಹುಬ್ಬಳ್ಳಿ ಮುಟ್ಟಿದ ಮ್ಯಾಲ ಎಲ್ಲಾ ಲೆಕ್ಕ ಮಾಡಿ ಹಾಕ್ತೇನ್ರಿ" ಅಂದರು. ರಾತ್ರಿ ಹಾಕಿದರು ಕೂಡ. ಮಧ್ಯೆ ಇನ್ನೂ ಎರಡು ಸಲ ಟಿಂಗ್ ಅಂದಿತ್ತು. ಗಾಡಿ ಎಲ್ಲಿಗೆ ತಲುಪಿತು ಅಂತ ಅದರಿಂದ ಗೊತ್ತಾಗುತ್ತಿತ್ತು, ಹಾಗಾಗಿ ನಾನು ಟ್ಯಾಗ್ ಕ್ಲೋಸ್ ಮಾಡಿಸಿದ್ದು ಮರುದಿನ ಬೆಳಗ್ಗೆ. ನೀವು ಕೀ ಕೊಡುವ ಮುಂಚೆಯೇ ಮಾಡಿಸಿ.